ಹೊಗಳಿಕೆಯ ಹೊನ್ನಶೂಲ: ‘ಅವತಾರ್’ ಸುತ್ತ ಹದಿಮೂರು ವರ್ಷ ನಡೆದ ಒಂದು ಜಗಳ

2010ರ ಜನವರಿಯ ಕೊನೆಯ ವಾರ. ನಮ್ಮದು ಎಂಟು ಜನ ಸಿನಿಮಾಪ್ರೇಮಿಗಳ ಗುಂಪು. ಅಷ್ಟರಲ್ಲಿ ಏಳು ಜನ ‘ಅವತಾರ್’ ನೋಡಿ ಮುಗಿಸಿದ್ದೆವು. ಮೂವರು ಎರಡೆರಡು ಸಲ ನೋಡಿದ್ದರು. ಎಂಟನೆಯವಳಾದ ಗೆಳತಿ ಬಿಡುಗಡೆಯಾಗಿ ಐದು ವಾರ ಕಳೆದ ಮೇಲೆ, ನಮ್ಮ ಒತ್ತಾಯಕ್ಕೆ ಮಣಿದು ಹೋಗಿ ನೋಡಿಬಂದಳು. “ಹೇಗಿತ್ತು?” ಎಂದು ನಾವು ಕೇಳಿದ ಧಾಟಿಯಲ್ಲೇ ಉತ್ತರ ಏನಿರಬೇಕು ಎಂಬುದೂ ಸೇರಿಕೊಂಡಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಹಿಡಿಸಲಿಲ್ಲ. ಅರ್ಧ ಗಂಟೆಯೊಳಗೆ ಕಥೆ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗಿಬಿಟ್ಟಿತು. ಚಿತ್ರವೂ ಮಬ್ಬುಮಬ್ಬಾಗಿ ಕಂಡಿತು” ಎಂದಳು.

ಮೊದಲು ನಕ್ಕೆವು. ಆಮೇಲೆ ಒಬ್ಬ, “ಎಲ್ಲರಿಗಿಂತ ಬೇರೆ ಕಾಣಿಸಿಕೊಳ್ಳಬೇಕೆಂದು ಹೀಗೆ ಹೇಳುತ್ತಿದ್ದೀಯೆ” ಎಂದ. ಇನ್ನೊಬ್ಬ ಸಿನಿಮಾದ ಗಳಿಕೆಯ ಅಂಕಿಯನ್ನು ಒಪ್ಪಿಸಿದ. ನಾನು, “ಇನ್ನೊಮ್ಮೆ ನೋಡು, ಆಗ ತಿಳಿಯುತ್ತದೆ” ಎಂದೆ. ಈ ಮೂರು ಮಾತುಗಳಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಏಕೆ ಹಿಡಿಸಲಿಲ್ಲ, ಮಬ್ಬಾಗಿ ಕಂಡಿತು ಎಂದರೆ ಏನು ಎಂದು ಏಳು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳುವ ಹೊತ್ತಿಗೆ ಹದಿಮೂರು ವರ್ಷ ಕಳೆದಿತ್ತು. ಆ ಹದಿಮೂರು ವರ್ಷಗಳಲ್ಲಿ ಈ ಒಂದು ಸಿನಿಮಾದ ಕುರಿತ ಭಿನ್ನರಾಗ ಹುಟ್ಟಿದ್ದು, ಬೆಳೆದದ್ದು, ತಾನೇ ಬಹುಮತವಾದದ್ದು, ಮತ್ತೆ ತಲೆಕೆಳಗಾದದ್ದು ಎಲ್ಲವನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಅದರಲ್ಲಿ ಎರಡು ಬಾರಿ ತಪ್ಪು ಪಾಳೆಯದಲ್ಲಿಯೂ ನಿಂತಿದ್ದೇನೆ.

ಆ ಹೊಗಳಿಕೆ ಎಷ್ಟು ದೊಡ್ಡದಾಗಿತ್ತು

ಇಂದು ಅದನ್ನು ನೆನಪಿಸಿಕೊಳ್ಳುವುದು ಕಷ್ಟ. ಜೇಮ್ಸ್ ಕ್ಯಾಮರೂನ್ 1997ರಲ್ಲಿ ‘ಟೈಟಾನಿಕ್’ ಕೊಟ್ಟವರು. ಅದಕ್ಕೆ ಹನ್ನೊಂದು ಆಸ್ಕರ್ ಬಂದಿದ್ದವು, ಗಳಿಕೆಯಲ್ಲಿ ಅದು ಜಗತ್ತಿನ ಮೊದಲ ಸ್ಥಾನದಲ್ಲಿತ್ತು. ಆನಂತರ ಹನ್ನೆರಡು ವರ್ಷ ಅವರು ಕಥಾಚಿತ್ರವನ್ನೇ ಮಾಡಿರಲಿಲ್ಲ. ಸಮುದ್ರದಾಳದ ಸಾಕ್ಷ್ಯಚಿತ್ರಗಳಲ್ಲಿ ಮುಳುಗಿದ್ದರು. ಇಷ್ಟು ದೀರ್ಘ ಮೌನದ ಬಳಿಕ 2009ರ ಡಿಸೆಂಬರ್ 18ರಂದು ‘ಅವತಾರ್’ ಅಮೆರಿಕದಲ್ಲಿ ತೆರೆ ಕಂಡಿತು. ನಿರ್ಮಾಣವೆಚ್ಚ 237 ದಶಲಕ್ಷ ಡಾಲರ್ ಎಂಬ ಅಂಕಿ ಸಿನಿಮಾಕ್ಕಿಂತ ಮೊದಲೇ ಮನೆಮಾತಾಗಿತ್ತು.

ಮೊದಲ ವಾರಾಂತ್ಯದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 77 ದಶಲಕ್ಷ ಡಾಲರ್. ದೊಡ್ಡದೇ, ಆದರೆ ದಾಖಲೆಯೇನಲ್ಲ. ಬೆರಗು ಕಾದಿದ್ದು ಮುಂದಿನ ವಾರ. ಭಾರೀ ಪ್ರಚಾರದ ಚಿತ್ರಗಳ ಗಳಿಕೆ ಎರಡನೇ ವಾರಾಂತ್ಯದಲ್ಲಿ ಅರ್ಧಕ್ಕೆ ಕುಸಿಯುವುದು ಮಾಮೂಲು. ‘ಅವತಾರ್’ ಕುಸಿದದ್ದು ಶೇಕಡಾ 2ಕ್ಕಿಂತಲೂ ಕಡಿಮೆ. ಸತತ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಜನವರಿಯ ಕೊನೆಯಲ್ಲಿ ‘ಟೈಟಾನಿಕ್’ನ ಜಾಗತಿಕ ದಾಖಲೆ ಮುರಿಯಿತು, ಸ್ವಲ್ಪ ದಿನಕ್ಕೆ 2 ಶತಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ ಎನಿಸಿತು. ಅದು ತೋರಿಸುವ ಕಾಡು, ಪಂಡೋರಾ ಎಂಬ ಆ ಕಲ್ಪಿತ ಲೋಕ, ನಿಜವಾಗಿ ಎಲ್ಲಿಯೂ ಇಲ್ಲ ಎಂಬ ದುಃಖದಿಂದ ಕೆಲವು ಅಭಿಮಾನಿಗಳು ಖಿನ್ನರಾಗಿದ್ದಾರೆ ಎಂದು ಸಿಎನ್‌ಎನ್ ವರದಿ ಮಾಡಿದ್ದು ಅದೇ ತಿಂಗಳಲ್ಲಿ.

ಎರಡನೇ ವಾರದ ಆ ಅಂಕಿಯ ಅರ್ಥ ಗಮನಿಸಬೇಕು. ಮೊದಲ ವಾರಾಂತ್ಯವನ್ನು ತುಂಬಿಸುವುದು ಜಾಹೀರಾತು. ಎರಡನೆಯದನ್ನು ತುಂಬಿಸುವುದು ಬಾಯಿಮಾತು. ಜಾಹೀರಾತಿನ ಹೊಗಳಿಕೆಗೆ ಬೆನ್ನು ತಿರುಗಿಸುವುದು ಸುಲಭ, ಅದಕ್ಕೆ ದುಡ್ಡು ಕೊಟ್ಟವರು ಯಾರೆಂದು ನಮಗೆ ಗೊತ್ತು. ಗೆಳೆಯರ ಹೊಗಳಿಕೆ ಹಾಗಲ್ಲ. “ನೋಡಲೇಬೇಕು” ಎಂದು ನಾವು ಏಳು ಜನ ಗೆಳತಿಗೆ ಹೇಳಿದಾಗ ಸಿನಿಮಾದ ಜೊತೆಗೆ ನಮ್ಮ ಅಭಿರುಚಿಯನ್ನೂ ತಕ್ಕಡಿಗೆ ಹಾಕಿದ್ದೆವು. ಅವಳು ಹಿಡಿಸಲಿಲ್ಲ ಎಂದಾಗ ನಮಗಾದ ಕಸಿವಿಸಿಗೆ ಕ್ಯಾಮರೂನ್ ಕಾರಣರಲ್ಲ. ನಮ್ಮ ತೀರ್ಪನ್ನು ಯಾರೋ ಪಕ್ಕಕ್ಕೆ ಸರಿಸಿದರಲ್ಲ ಎಂಬುದೇ ಕಾರಣ.

ಇನ್ನೂ ಒಂದು. ನಮ್ಮ ಹೊಗಳಿಕೆಯಲ್ಲಿ ಸರಕು ಕಡಿಮೆಯಿತ್ತು. “ಅದ್ಭುತ”, “ಬದುಕಿನಲ್ಲಿ ಒಮ್ಮೆ ಸಿಗುವ ಅನುಭವ” ಎನ್ನುತ್ತಿದ್ದೆವೇ ಹೊರತು ಯಾವ ದೃಶ್ಯ, ಏಕೆ ಎಂದು ಹೇಳಿದವರು ವಿರಳ. ಕಾರಣವಿಲ್ಲದ ಹೊಗಳಿಕೆಯೊಡನೆ ವಾದ ಮಾಡಲು ಬರುವುದಿಲ್ಲ. ತಲೆಬಾಗಬೇಕು ಅಥವಾ ತಿರುಗಿಬೀಳಬೇಕು. ಕನ್ನಡದಲ್ಲಿ ಹೊನ್ನಶೂಲ ಎಂಬ ಮಾತಿದೆ. ಹೊಗಳಿ ಹೊಗಳಿ ಚಿನ್ನದ ಶೂಲಕ್ಕೇರಿಸುವುದು. ಆ ಜನವರಿಯಲ್ಲಿ ನಾವು ಈ ಸಿನಿಮಾಕ್ಕೆ ಮಾಡಿದ್ದು ಅದನ್ನೇ.

ಒಬ್ಬಳು ಬಾಯಿಬಿಟ್ಟ ಮೇಲೆ

ಆ ಸಂಜೆ ನಾವೆಲ್ಲ ಗೆಳತಿಯ ಮೇಲೆ ಮುಗಿಬಿದ್ದ ಮೇಲೆ ಮತ್ತೊಂದು ಸಂಗತಿ ನಡೆಯಿತು. ಮನೆಗೆ ಹೊರಡುವ ಹೊತ್ತಿಗೆ ಒಬ್ಬ ಗೆಳೆಯ, “ನಿಜ ಹೇಳಬೇಕೆಂದರೆ ಕೊನೆಯ ಯುದ್ಧ ನನಗೂ ಉದ್ದವೆನಿಸಿತು” ಎಂದ. ಎರಡು ಸಲ ನೋಡಿದ್ದವರಲ್ಲಿ ಅವನೂ ಒಬ್ಬ. ಮರುದಿನ ಇನ್ನೊಬ್ಬಳು, ಎರಡನೇ ಸಲ ನೋಡಿದಾಗ ಮೊದಲಿನ ರೋಮಾಂಚನ ಬರಲಿಲ್ಲವೆಂದೂ ಹೇಳಲು ಸಂಕೋಚವಾಗಿತ್ತೆಂದೂ ಒಪ್ಪಿಕೊಂಡಳು. ಏಳು ಜನರ ಒಮ್ಮತವೆಂದು ನಾನು ತಿಳಿದದ್ದು ಐದು ಜನರದ್ದಾಗಿತ್ತು. ಆ ಇಬ್ಬರು ಸುಳ್ಳು ಹೇಳಿದವರಲ್ಲ. ತಮ್ಮ ಅರ್ಧ ಅನುಭವವನ್ನು ಹೇಳಿ ಉಳಿದರ್ಧವನ್ನು ಒಳಗೇ ಇಟ್ಟುಕೊಂಡವರು.

ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಕೋಣೆಯಲ್ಲಿ ಕೂತವರಿಗೆ ಗೆರೆಗಳ ಉದ್ದ ಹೋಲಿಸುವ ಕೆಲಸ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗಕಾರನ ಕಡೆಯವರು, ಬೇಕೆಂದೇ ತಪ್ಪು ಉತ್ತರ ಕೊಡುವವರು. ಕಣ್ಣೆದುರಿಗೆ ಸ್ಪಷ್ಟವಾಗಿ ಕಾಣುವ ಗೆರೆಯ ವಿಷಯದಲ್ಲೂ ಆ ಒಬ್ಬನ ಉತ್ತರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗುಂಪಿನ ತಪ್ಪಿಗೇ ಜೋತುಬೀಳುತ್ತಿದ್ದವು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ಈ ಜೋತುಬೀಳುವಿಕೆ ತೀರಾ ಇಳಿದುಹೋಗುತ್ತಿತ್ತು. ಗೆರೆಯ ಉದ್ದಕ್ಕೇ ಹೀಗಾದರೆ, ಅಳತೆಗೋಲೇ ಇಲ್ಲದ ಸಿನಿಮಾದ ಪಾಡೇನು? ನಮ್ಮ ಗುಂಪಿಗೆ ಗೆಳತಿಯ ಮಾತಿನಿಂದಾದ ಉಪಕಾರ ಅದು ಸರಿಯೋ ತಪ್ಪೋ ಎಂಬುದರ ಮೇಲೆ ನಿಂತಿರಲಿಲ್ಲ. ಅವಳು ಬಾಯಿ ತೆರೆದದ್ದರಿಂದ ಇನ್ನಿಬ್ಬರ ಬಾಯಿಗೆ ಬಿದ್ದಿದ್ದ ಬೀಗ ತೆರೆಯಿತು.

ಜನಪ್ರಿಯತೆ ತನ್ನಿಂದ ತಾನೇ ಬೆಳೆಯುತ್ತದೆ ಎಂಬುದಕ್ಕೂ ಒಳ್ಳೆಯ ಸಾಕ್ಷ್ಯವಿದೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಹೆಚ್ಚು ಪರಿಚಯವಿಲ್ಲದ ತಂಡಗಳ 48 ಹಾಡುಗಳನ್ನು ಕೇಳಿಸಲಾಯಿತು. ಕೆಲವರಿಗೆ ಇತರರು ಯಾವುದನ್ನು ಎಷ್ಟು ಇಳಿಸಿಕೊಂಡಿದ್ದಾರೆಂಬ ಲೆಕ್ಕ ಕಾಣಿಸುತ್ತಿತ್ತು, ಕೆಲವರಿಗೆ ಇಲ್ಲ. ಲೆಕ್ಕ ಕಾಣಿಸಿದ ಕಡೆ ಗೆದ್ದ ಹಾಡಿಗೂ ಸೋತ ಹಾಡಿಗೂ ನಡುವಿನ ಅಂತರ ಹಿಗ್ಗಿತು. ಅಷ್ಟೇ ಅಲ್ಲ, ಬೇರೆ ಬೇರೆ ಗುಂಪುಗಳಲ್ಲಿ ಬೇರೆ ಬೇರೆ ಹಾಡುಗಳು ಮೇಲೆ ಬಂದವು. ತೀರಾ ಒಳ್ಳೆಯ ಹಾಡುಗಳು ನೆಲಕಚ್ಚಿದ್ದು ಕಡಿಮೆ, ತೀರಾ ಕೆಟ್ಟವು ಮೇಲೇರಿದ್ದೂ ಕಡಿಮೆ, ನಡುವಿನವುಗಳ ಗತಿ ಮಾತ್ರ ಹೇಳಲಾಗದ್ದು. ಅತಿಯಾಗಿ ಹೊಗಳಿಸಿಕೊಂಡ ಸಿನಿಮಾ ಎಂದರೆ ಕೆಟ್ಟ ಸಿನಿಮಾ ಎಂದು ಇದರಿಂದ ಹೇಳಲಾಗದು. ಅದರ ಗುಣಕ್ಕೂ ಅದರ ಸುತ್ತಲಿನ ಗದ್ದಲಕ್ಕೂ ಇರುವ ನಂಟು ಸಡಿಲ ಎಂದು ಮಾತ್ರ ಹೇಳಬಹುದು. ಗೆಳತಿ ಆ ಸಡಿಲಿನಲ್ಲಿ ಬೆರಳಿಟ್ಟಿದ್ದಳು.

‘ನನಗೆ’ ಹೋಗಿ ‘ಯಾರಿಗೂ’ ಬಂದದ್ದು

2010ರ ಮಾರ್ಚ್ 7ರಂದು ಗಾಳಿ ಸ್ವಲ್ಪ ತಿರುಗಿತು. ಒಂಬತ್ತು ಆಸ್ಕರ್ ನಾಮನಿರ್ದೇಶನ ಪಡೆದಿದ್ದ ‘ಅವತಾರ್’ ಮೂರನ್ನು ಗೆದ್ದಿತು: ಕಲಾ ನಿರ್ದೇಶನ, ಛಾಯಾಗ್ರಹಣ, ದೃಶ್ಯ ಪರಿಣಾಮ. ಅತ್ಯುತ್ತಮ ಚಿತ್ರ ಮತ್ತು ನಿರ್ದೇಶನ ಎರಡೂ ಕ್ಯಾಥರಿನ್ ಬಿಗೆಲೋ ಅವರ ‘ದಿ ಹರ್ಟ್ ಲಾಕರ್’ ಪಾಲಾದವು; ನಿರ್ದೇಶನಕ್ಕೆ ಆಸ್ಕರ್ ಪಡೆದ ಮೊದಲ ಮಹಿಳೆ ಅವರು. ಸೋಲುಗೆಲುವಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ನಾಮನಿರ್ದೇಶನಗಳ ಪಟ್ಟಿ. ಆ ಒಂಬತ್ತರಲ್ಲಿ ಚಿತ್ರಕಥೆಯಿರಲಿಲ್ಲ, ನಟನೆಯೂ ಇರಲಿಲ್ಲ. ಗೆಳತಿ ಜನವರಿಯಲ್ಲಿ ಹೇಳಿದ್ದರ ಒಂದು ಭಾಗವನ್ನು ಆ ಪಟ್ಟಿ ಮೌನವಾಗಿ ಒಪ್ಪಿಕೊಂಡಂತಿತ್ತು. ಆಗಲೂ ನಾನು ಅವಳಿಗೆ ಅದನ್ನು ಹೇಳಲಿಲ್ಲ.

ಮುಂದಿನ ಕೆಲವು ವರ್ಷಗಳಲ್ಲಿ ಅಭಿಮಾನಿಗಳ ನಡುವಿನ ಮಾತಿನ ವ್ಯಾಕರಣವೇ ಬದಲಾಯಿತು. “ನನಗೆ ಹಿಡಿಸಲಿಲ್ಲ” ಎನ್ನುವ ಜಾಗದಲ್ಲಿ “ಅದು ಯಾರಿಗೂ ನೆನಪಿಲ್ಲ” ಬಂದು ಕೂತಿತು. 2014ರ ಡಿಸೆಂಬರ್‌ನಲ್ಲಿ ಫೋರ್ಬ್ಸ್‌ನ ಅಂಕಣವೊಂದು, ಐದು ವರ್ಷದ ಹಿಂದೆ 2.7 ಶತಕೋಟಿ ಡಾಲರ್ ಗಳಿಸಿದ ಈ ಚಿತ್ರ ಜನಸಂಸ್ಕೃತಿಯಲ್ಲಿ ಹೆಜ್ಜೆಗುರುತನ್ನೇ ಉಳಿಸಲಿಲ್ಲ ಎಂದು ವಾದಿಸಿತು. ಮೊದಲು ಧೈರ್ಯದ ಮಾತಾಗಿದ್ದದ್ದು ಬಹುಬೇಗ ರೂಢಿಯ ಮಾತಾಯಿತು. “ನಾಯಕನ ಹೆಸರು ಹೇಳು ನೋಡೋಣ” ಎಂಬ ಸವಾಲು ಎಲ್ಲೆಡೆ ಓಡಾಡಿತು. ನಾನೂ ಅದನ್ನು ಹಲವು ಸಲ ಒಗೆದಿದ್ದೇನೆ. ಜನವರಿಯಲ್ಲಿ ಗೆಳತಿಯನ್ನು ಗದರಿಸಿದ ಬಾಯಿಯೇ ಐದು ವರ್ಷದ ಮೇಲೆ ಅವಳಿಗಿಂತ ಹತ್ತು ಪಟ್ಟು ಕಟುವಾದ ಮಾತನ್ನು ಅವಳೆದುರಿಗೇ ಆಡಿತು. ಅವಳು ಒಪ್ಪಲಿಲ್ಲ. “ನನಗೆ ಹಿಡಿಸಲಿಲ್ಲ ಎಂದಿದ್ದೆ. ಬೇರೆಯವರಿಗೆ ಏನಾಯಿತೆಂದು ನನಗೆ ಹೇಗೆ ಗೊತ್ತಾಗಬೇಕು?” ಎಂದಳು.

ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ. ‘ನನಗೆ’ ಎಂದು ಶುರುವಾಗುವ ಮಾತು ಸಿನಿಮಾದ ಕುರಿತದ್ದು. ಆಡಿದವರು ಅದಕ್ಕೆ ಸಾಕ್ಷಿ. ‘ಯಾರಿಗೂ’ ಎಂದು ಶುರುವಾಗುವುದು ಕೋಟ್ಯಂತರ ಜನರ ಕುರಿತದ್ದು. ಅದಕ್ಕೆ ಆಡಿದವರು ಸಾಕ್ಷಿಯಾಗಲಾರರು, ಪುರಾವೆ ಬೇಕಾಗುತ್ತದೆ. ಎರಡಕ್ಕೂ ನಾವು ಒಂದೇ ಹಣೆಪಟ್ಟಿ ಅಂಟಿಸಿ ಎದುರು ಮಾತು ಎಂದು ಕರೆದೆವು. ಎರಡನೆಯದರ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ, ಚಪ್ಪಾಳೆ ತಟ್ಟುವವರ ಮೇಲಿತ್ತು.

ನೆನಪಿಲ್ಲ ಎಂಬ ಮಾತನ್ನು ಒರೆಗೆ ಹಚ್ಚಿದರೆ

ಹೆಸರು ನೆನಪಿಲ್ಲ ಎಂಬುದು ಬಹುಪಾಲು ನಿಜ. ಜೇಕ್ ಸಲ್ಲಿ, ನೇತಿರಿ ಎಂದು ಥಟ್ಟನೆ ಹೇಳುವವರು ನನ್ನ ಬಳಗದಲ್ಲೂ ಕಡಿಮೆ. ಆದರೆ ಹೆಸರು ನಾಲಿಗೆಯ ಮೇಲೆ ಉಳಿಯಬೇಕಾದರೆ ಪದೇ ಪದೇ ಕೇಳಿಸಬೇಕು. ಅದೇ ಅವಧಿಯಲ್ಲಿ, ಎಂದರೆ 2008ರಿಂದ 2019ರ ಏಪ್ರಿಲ್ ತನಕ, ಮಾರ್ವೆಲ್ ಸಂಸ್ಥೆ ಒಂದೇ ಕಥಾಲೋಕದ 22 ಚಿತ್ರಗಳನ್ನು ತಂದಿತು. ಅದರ ವೀರರ ಹೆಸರು ಮರೆಯುವುದಕ್ಕೆ ಯಾರಿಗೂ ಬಿಡುವೇ ಸಿಗಲಿಲ್ಲ. ‘ಅವತಾರ್’ನ ಎರಡನೇ ಭಾಗ 2014ಕ್ಕೆ ಬರುತ್ತದೆಂದು ಹೇಳಿ, ಮುಂದೂಡಿ ಮುಂದೂಡಿ, ಕೊನೆಗೆ 2022ಕ್ಕೆ ಬಂತು. ಪಾಠವನ್ನು ಹದಿಮೂರು ವರ್ಷ ತಿರುವಿಹಾಕದೆ ಮಗುವಿಗೆ ಒಪ್ಪಿಸು ಎಂದು ಹೇಳಿದಂತೆ ಈ ಪರೀಕ್ಷೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಸಿನಿಮಾದ ವಕೀಲನಾಗಿಬಿಡುತ್ತೇನೆ. ‘ಟೈಟಾನಿಕ್’ಗೂ ಎರಡನೇ ಭಾಗವಿಲ್ಲ. ಆದರೂ ಜ್ಯಾಕ್ ಮತ್ತು ರೋಸ್ ಯಾರಿಗೂ ಮರೆತಿಲ್ಲ. ಅದೇ ನಿರ್ದೇಶಕ, ಇನ್ನೂ ಹಳೆಯ ಸಿನಿಮಾ. ಹಾಗಾದರೆ ವ್ಯತ್ಯಾಸವಿರುವುದು ಪಾತ್ರಗಳಲ್ಲೇ. ‘ಅವತಾರ್’ನ ಖಳನಾಯಕ ಕರ್ನಲ್ ಕ್ವಾರಿಚ್ ಮೊದಲ ದೃಶ್ಯದಲ್ಲಿ ಹೇಗಿದ್ದಾನೋ ಕೊನೆಯಲ್ಲೂ ಹಾಗೇ ಇರುತ್ತಾನೆ. ಅವನೊಳಗೆ ಒಂದು ಗಳಿಗೆಯ ಅನುಮಾನವೂ ಮೂಡುವುದಿಲ್ಲ. ಎಲ್ಲರೂ ಕಾದಾಡುವ ಆ ಖನಿಜಕ್ಕೆ ಇಟ್ಟ ಹೆಸರು, ಎಲ್ಲೂ ಸಿಗದ ವಸ್ತುವಿಗೆ ಎಂಜಿನಿಯರುಗಳು ತಮಾಷೆಗೆ ಬಳಸುತ್ತ ಬಂದ ‘ಅನ್‌ಆಬ್ಟೇನಿಯಂ’ ಎಂಬ ಪದ. ಹೊರಗಿನಿಂದ ಬಂದ ಸೈನಿಕನೊಬ್ಬ ಕೆಲವೇ ತಿಂಗಳಲ್ಲಿ ಆ ನೆಲದ ಮಕ್ಕಳಿಗಿಂತ ದೊಡ್ಡ ವೀರನಾಗಿ ಅವರನ್ನು ಕಾಪಾಡುತ್ತಾನೆ ಎಂಬುದರ ಬಗ್ಗೆ ಆಗಲೇ ಗಂಭೀರ ಆಕ್ಷೇಪಗಳು ಬಂದಿದ್ದವು. ಅವು ಇಂದಿಗೂ ಗಟ್ಟಿಯಾಗಿವೆ. ಕಥೆ ಅರ್ಧ ಗಂಟೆಯಲ್ಲಿ ತಿಳಿದುಹೋಯಿತು ಎಂಬ ಗೆಳತಿಯ ದೂರಿಗೆ ನನ್ನಲ್ಲಿ ಇವತ್ತೂ ಉತ್ತರವಿಲ್ಲ.

ಹೆಜ್ಜೆಗುರುತೇ ಇಲ್ಲ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. 2010ರ ಫೆಬ್ರುವರಿಯಲ್ಲಿ ಪ್ಯಾಲೆಸ್ಟೀನಿನ ಬಿಲಿನ್ ಎಂಬ ಹಳ್ಳಿಯಲ್ಲಿ ಪ್ರತಿಭಟನಕಾರರು ಮೈಗೆ ನೀಲಿ ಬಳಿದುಕೊಂಡು, ಸಿನಿಮಾದಲ್ಲಿ ಪಂಡೋರಾದ ಮೂಲನಿವಾಸಿಗಳಾದ ನಾವಿ ಜನರ ವೇಷದಲ್ಲಿ, ಇಸ್ರೇಲ್ ಕಟ್ಟಿದ ಬೇಲಿಯತ್ತ ನಡೆದರು. ಅದೇ ತಿಂಗಳು ಬುಡಕಟ್ಟು ಜನರ ಹಕ್ಕುಗಳಿಗಾಗಿ ದುಡಿಯುವ ಸರ್ವೈವಲ್ ಇಂಟರ್‌ನ್ಯಾಷನಲ್ ಸಂಸ್ಥೆ ‘ವೆರೈಟಿ’ ಪತ್ರಿಕೆಯಲ್ಲಿ ಕ್ಯಾಮರೂನ್ ಅವರಿಗೆ ಬಹಿರಂಗ ಮನವಿಯ ಜಾಹೀರಾತು ಕೊಟ್ಟಿತು: ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೊಂಡ ಬುಡಕಟ್ಟಿನವರು ತಮ್ಮ ಪವಿತ್ರ ಬೆಟ್ಟವನ್ನು ಬಾಕ್ಸೈಟ್ ಗಣಿಗಾರಿಕೆಯಿಂದ ಉಳಿಸಿಕೊಳ್ಳಲು ಹೋರಾಡುತ್ತಿದ್ದಾರೆ, ನಿಮ್ಮ ಕಥೆ ಅಲ್ಲಿ ನಿಜವಾಗಿ ನಡೆಯುತ್ತಿದೆ ಎಂಬುದು ಅದರ ತಿರುಳು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನವನ್ನು ಗ್ರಾಮಸಭೆಗಳಿಗೆ ಬಿಟ್ಟಿತು. ಹನ್ನೆರಡೂ ಗ್ರಾಮಸಭೆಗಳು ಗಣಿ ಬೇಡವೆಂದವು. ಆ ಗೆಲುವು ಆ ಜನರದ್ದು, ಅದರಲ್ಲಿ ಸಿನಿಮಾಕ್ಕೆ ಪಾಲು ಕೊಡಲು ನಾನು ಸಿದ್ಧನಿಲ್ಲ. ಆದರೆ ದೂರದ ಹೋರಾಟವೊಂದನ್ನು ಜಗತ್ತಿಗೆ ಒಂದೇ ವಾಕ್ಯದಲ್ಲಿ ತಿಳಿಸಬೇಕಾದಾಗ ಕೈಗೆ ಸಿಕ್ಕ ಉಪಮೆ ಈ ಸಿನಿಮಾ ಆಗಿತ್ತು. ಹೆಜ್ಜೆಗುರುತು ಎಂದರೆ ಆಟಿಕೆ ಮತ್ತು ಅಂಗಿಯ ಮೇಲಿನ ಚಿತ್ರ ಮಾತ್ರ ಎಂದುಕೊಂಡವರಿಗೆ ಇದು ಕಾಣಿಸಲಿಲ್ಲ.

ಭಾಷಾವಿಜ್ಞಾನಿ ಪಾಲ್ ಫ್ರಾಮರ್ ಈ ಸಿನಿಮಾಕ್ಕೆಂದು ಕಟ್ಟಿದ ನಾವಿ ಭಾಷೆಯನ್ನು ಅಭಿಮಾನಿಗಳ ಚಿಕ್ಕ ಬಳಗವೊಂದು ಕಲಿತು, ಅದರಲ್ಲಿ ಬರೆಯುತ್ತ, ಹೊಸ ಪದಗಳನ್ನು ಕೇಳಿ ಪಡೆಯುತ್ತ, ಎರಡನೇ ಭಾಗ ಬರುವ ತನಕ ಜೀವಂತವಾಗಿ ಇಟ್ಟಿತು. 2017ರ ಮೇ ತಿಂಗಳಲ್ಲಿ ಫ್ಲಾರಿಡಾದ ಡಿಸ್ನಿ ಉದ್ಯಾನದಲ್ಲಿ ಪಂಡೋರಾ ವಿಭಾಗ ತೆರೆದಾಗ ಗಂಟೆಗಟ್ಟಲೆ ಸರದಿ ನಿಂತಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮವೊಂದು ಸಿನಿಮಾದ ಶೀರ್ಷಿಕೆಯ ಅಕ್ಷರವಿನ್ಯಾಸವನ್ನೇ ಇಟ್ಟುಕೊಂಡು ಒಂದು ಪ್ರಹಸನ ಮಾಡಿತು. ಎಂಟು ವರ್ಷ ಹಳೆಯ ಚಿತ್ರದ ಅಕ್ಷರದ ಆಕಾರ ನೋಡಿ ಜನ ನಗಬೇಕಾದರೆ ಅದು ಅವರ ತಲೆಯೊಳಗೆ ಎಲ್ಲೋ ಉಳಿದಿರಲೇಬೇಕು.

ಸದ್ದು ಮಾಡುವ ಅಭಿಮಾನಿಗಳನ್ನು ನಾವು ಎಣಿಸಿದ್ದೆವು. ವರ್ಷಕ್ಕೆ ಒಂದೆರಡು ಸಿನಿಮಾ ನೋಡಿ, ಇಷ್ಟಪಟ್ಟು, ಯಾರೊಡನೆಯೂ ವಾದ ಮಾಡದೆ ಮನೆಗೆ ಹೋಗುವವರನ್ನು ಎಣಿಸಲು ನಮ್ಮ ಬಳಿ ಸಾಧನವಿರಲಿಲ್ಲ. ಹಾಗಾಗಿ ಅವರಿಲ್ಲ ಎಂದುಕೊಂಡೆವು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಮತ್ತು ಅಷ್ಟು ಖಚಿತವಾಗಿ ಅಂದುಕೊಂಡದ್ದಕ್ಕೆ ಈಗಲೂ ಬೇಸರವಿದೆ.

ಧಾರಾವಾಹಿ ಸರಣಿಗಳಲ್ಲಿ ಈ ಭಿನ್ನರಾಗದ ಸ್ವರೂಪ ಸ್ವಲ್ಪ ಬೇರೆ. ಅಲ್ಲಿ ಹೊಗಳಿಕೆ ವರ್ಷಗಟ್ಟಲೆ ಬೆಳೆಯುತ್ತದೆ, ನಿರಾಸೆ ಅಗಲಿಕೆಯ ನೋವಿನಂತೆ ಬರುತ್ತದೆ. 2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಮುಗಿದಾಗ, ಕೊನೆಯ ಸೀಸನ್ ಅನ್ನು ಮತ್ತೆ ತೆಗೆಯಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆಗ “ನನಗೆ ಮುಕ್ತಾಯ ಹಿಡಿಸಿತು” ಎನ್ನುವುದೇ ಗಂಟಲು ಗಟ್ಟಿಯಿದ್ದವರ ಮಾತಾಗಿತ್ತು. ಅಂಥ ಒಬ್ಬರನ್ನು ನಾನು ಬಲ್ಲೆ. ಅವರು ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಾರೆ.

ಎರಡನೇ ತಿರುವು

2022ರ ಡಿಸೆಂಬರ್ 16ರಂದು ‘ಅವತಾರ್: ದಿ ವೇ ಆಫ್ ವಾಟರ್’ ಬಂತು. ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ ಸುಮಾರು 134 ದಶಲಕ್ಷ ಡಾಲರ್. ನಿರೀಕ್ಷೆಗಿಂತ ಕಡಿಮೆ ಎಂದು ಬರೆದವರಿದ್ದರು. ನೋಡಿದಿರಾ, ಯಾರಿಗೂ ಬೇಕಿಲ್ಲ ಎಂದು ನಾನೂ ಒಂದು ದಿನದ ಮಟ್ಟಿಗೆ ಬೀಗಿದೆ. ಮತ್ತೆ ಅದೇ ಕಥೆ: ವಾರಗಳು ಉರುಳಿದರೂ ಜನ ಬರುತ್ತಲೇ ಇದ್ದರು. ಒಟ್ಟು ಗಳಿಕೆ 2.3 ಶತಕೋಟಿ ಡಾಲರ್ ದಾಟಿ, ಜಗತ್ತಿನಲ್ಲಿ ಆವರೆಗೆ ಅತಿಹೆಚ್ಚು ಗಳಿಸಿದ ಮೂರನೆಯ ಚಿತ್ರವಾಯಿತು. ಮೊದಲ ಭಾಗ ಈ ನಡುವೆ 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ಗೆ ಬಿಟ್ಟುಕೊಟ್ಟಿದ್ದ ಮೊದಲ ಸ್ಥಾನವನ್ನು 2021ರಲ್ಲಿ ಚೀನಾದ ಮರುಬಿಡುಗಡೆಯಿಂದ ಮರಳಿ ಪಡೆದಿತ್ತು.

ಈಗ ಹಳೆಯ ಸ್ತೋತ್ರ ಮತ್ತೆ ಶುರುವಾಯಿತು. ಕ್ಯಾಮರೂನ್ ವಿರುದ್ಧ ಪಣ ಕಟ್ಟಬಾರದು ಎಂಬುದು ಎಲ್ಲರ ಬಾಯಲ್ಲೂ. ನಮ್ಮ ಗುಂಪಿನವನೊಬ್ಬ ಗೆಳತಿಗೆ, “ಈಗಲಾದರೂ ಒಪ್ಪಿಕೋ, ನೀನು ತಪ್ಪು” ಎಂದ. ನನಗೆ ಒಳಗೆ ಚುಚ್ಚಿತು. ಅವಳು ಯಾವತ್ತೂ ಜನ ಬರುವುದಿಲ್ಲ ಎಂದಿರಲಿಲ್ಲ. ಅದನ್ನು ಹೇಳಿದವನು ನಾನು. ನನ್ನ ಮಾತಿನ ಸೋಲನ್ನು ಅವಳ ಲೆಕ್ಕಕ್ಕೆ ಬರೆಯಲಾಗುತ್ತಿತ್ತು, ಏಕೆಂದರೆ ಈ ಸಿನಿಮಾ ಹಿಡಿಸದವರೆಂದರೆ ಅವಳೇ ಎಂದು ಎಲ್ಲರ ಮನಸ್ಸಿನಲ್ಲಿ ಅಚ್ಚಾಗಿತ್ತು. ಗಳಿಕೆಯ ಅಂಕಿ ಜನ ಬಂದರೆಂದು ಹೇಳುತ್ತದೆ, ಬಾಯಿಮಾತು ಚೆನ್ನಾಗಿತ್ತೆಂದು ಹೇಳುತ್ತದೆ, ತ್ರೀಡಿ ಟಿಕೆಟ್‌ಗೆ ಹೆಚ್ಚು ದರವಿತ್ತೆಂಬುದನ್ನೂ ಒಳಗಿಟ್ಟುಕೊಂಡಿರುತ್ತದೆ. ಕ್ವಾರಿಚ್‌ನ ಪಾತ್ರ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಾನು ಅದನ್ನು ಅಲ್ಲಿಯೇ ಹೇಳಿದೆ, ಮತ್ತು ನೆನಪಿಲ್ಲ ಎಂಬ ಸವಾಲು ನನ್ನದಾಗಿತ್ತು, ಅವಳದಲ್ಲ ಎಂದೂ ಹೇಳಿದೆ. ತಡವಾಗಿತ್ತು, ಆದರೂ ಹೇಳಿದೆ.

ಮಬ್ಬು

ಎಲ್ಲರೂ ಹೋದ ಮೇಲೆ ಗೆಳತಿಯನ್ನು ಕೇಳಿದೆ: “ಅವತ್ತು ಚಿತ್ರ ಮಬ್ಬಾಗಿ ಕಂಡಿತು ಎಂದಿದ್ದೆಯಲ್ಲ, ಅದೇನು?”

ಅವಳಿಗೆ ಬಾಲ್ಯದಿಂದ ಒಂದು ಕಣ್ಣು ದುರ್ಬಲ. ವೈದ್ಯರು ಆಂಬ್ಲಿಯೋಪಿಯಾ ಎನ್ನುತ್ತಾರೆ. ಸೋಮಾರಿ ಕಣ್ಣು ಎಂದೂ ಹೇಳುವುದುಂಟು. ತ್ರೀಡಿ ಸಿನಿಮಾದಲ್ಲಿ ಎರಡು ಕಣ್ಣಿಗೆ ಎರಡು ಬೇರೆ ಬೇರೆ ಚಿತ್ರ ಹೋಗಬೇಕು. ಮಿದುಳು ಎರಡನ್ನೂ ಬೆಸೆದಾಗ ಆಳ ಮೂಡುತ್ತದೆ. ಒಂದು ಕಣ್ಣಿನ ಚಿತ್ರವನ್ನು ಮಿದುಳು ಪಕ್ಕಕ್ಕಿಡುತ್ತ ಬಂದವರಿಗೆ ಆ ಬೆಸುಗೆ ಆಗುವುದಿಲ್ಲ, ಅಥವಾ ಪೂರ್ತಿಯಾಗಿ ಆಗುವುದಿಲ್ಲ. ಉಳಿಯುವುದು ಕನ್ನಡಕದ ತೊಂದರೆ ಮಾತ್ರ: ಧ್ರುವೀಕರಣದ ಗಾಜು ಪರದೆಯಿಂದ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಡೆದುಬಿಡುತ್ತದೆ. ನಾವು ಏಳು ಜನ ಕೈಚಾಚಿದರೆ ಸಿಗುವಂತಿದ್ದ ಕಾಡನ್ನು, ತೇಲಿ ಬರುವ ಬೆಳಕಿನ ಬೀಜಗಳನ್ನು ಕಂಡು ಬಾಯಿ ತೆರೆದು ಕೂತಿದ್ದರೆ, ಅವಳು 162 ನಿಮಿಷ ಚಪ್ಪಟೆಯಾದ, ಕತ್ತಲು ಕವಿದ ಚಿತ್ರವನ್ನು ತಲೆನೋವಿನೊಂದಿಗೆ ನೋಡಿದ್ದಳು. ನಾವು ಹೊಗಳಿದ ವಸ್ತು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಮಬ್ಬು ಎಂಬುದನ್ನು ನಾವು ಬೇಸರಕ್ಕೆ ಬಳಸಿದ ಅಲಂಕಾರವೆಂದುಕೊಂಡಿದ್ದೆವು. ಅವಳು ಕಂಡದ್ದನ್ನು ಕಂಡ ಹಾಗೇ ಹೇಳಿದ್ದಳು.

“ಆಗಲೇ ಏಕೆ ಹೇಳಲಿಲ್ಲ?”

“ಹೇಳಿದ್ದರೆ, ಓ ಹಾಗಾದರೆ ಸರಿ, ನಿನ್ನ ಕಣ್ಣಿನ ದೋಷ ಎಂದು ಮುಗಿಸಿಬಿಡುತ್ತಿದ್ದಿರಿ. ಕಣ್ಣು ಸರಿಯಿದ್ದಿದ್ದರೆ ಆ ಕರ್ನಲ್ ಬೇರೆ ಮಾತು ಆಡುತ್ತಿದ್ದನೇ?”

ಅವಳು ಹೇಳಿದ್ದು ನಿಜ, ನಾವು ಹಾಗೆಯೇ ಮುಗಿಸಿಬಿಡುತ್ತಿದ್ದೆವು. ಬೆಳಕಿನ ಬೆಡಗನ್ನೆಲ್ಲ ಕಳೆದ ಮೇಲೆ ಉಳಿಯುವ ಕಥೆಯನ್ನು ಅವಳು ನಮ್ಮೆಲ್ಲರಿಗಿಂತ ನಿಚ್ಚಳವಾಗಿ ಕಂಡಿದ್ದಳು ಎಂದು ಈಗ ನನಗೆ ಅನಿಸುತ್ತದೆ. ನಾನು ಕಂಡದ್ದೂ ಸುಳ್ಳಲ್ಲ. ಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕ ಹೊಸ ಮೈಯಲ್ಲಿ ಎದ್ದು, ಯಾರು ತಡೆದರೂ ನಿಲ್ಲದೆ ಹೊರಗೆ ಓಡಿ, ಮಣ್ಣಿನಲ್ಲಿ ಕಾಲ್ಬೆರಳು ಊರುವ ಆ ಒಂದು ದೃಶ್ಯವನ್ನು ಅವಳಿಗೆ ವಿವರಿಸಿದೆ. 2010ರಲ್ಲಿ “ಅದ್ಭುತ” ಎನ್ನುವ ಬದಲು ನಾನು ಇದನ್ನೇ ಹೇಳಬಹುದಿತ್ತು. ಅವಳು ಕಿವಿಗೊಟ್ಟು ಕೇಳಿ, “ಅದು ನನಗೂ ಹಿಡಿಸಿತ್ತು” ಎಂದಳು. ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವಳು ನನ್ನನ್ನು ಕೇಳಿದಳು, ಎಲ್ಲರೂ ಕೊಂಡಾಡುವ, ನಿನಗೆ ಮಾತ್ರ ಹಿಡಿಸದ ಸಿನಿಮಾ ಯಾವುದೆಂದು. ಇಪ್ಪತ್ತು ವರ್ಷದಿಂದ ಬಾಯಿಬಿಡದೆ ಇಟ್ಟುಕೊಂಡಿದ್ದ ಒಂದು ಹೆಸರನ್ನು ಹೇಳಿದೆ. ಅವಳಿಗೆ ಅದು ಪ್ರಾಣಕ್ಕೆ ಪ್ರಾಣವಾದ ಸಿನಿಮಾ ಎಂಬುದು ನನಗೆ ಗೊತ್ತಿತ್ತು. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಏಕೆ?” ಎಂದಳು.